ಮುಂಗುಸಿ ಕೂದಲು, ಲಾಲಪ್ಪನ ನಾಲಗೆ

ಪುಣೆಯ ರವಿವಾರ ಪೇಠೆಯ ಆ ಓಣಿಯಲ್ಲಿ ಬಣ್ಣ, ಬ್ರಶ್ಶಿನ ಅಂಗಡಿಗಳು ಹನ್ನೊಂದು. ಹತ್ತು ಅಂಗಡಿಯವರು ಗಿರಾಕಿಯ ಮುಖ ನೋಡಿ ನಗುತ್ತಿದ್ದರು. ಹನ್ನೊಂದನೆಯವನಾದ ಲಾಲಪ್ಪ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದ. ಉಗುರಿನ ಸಂದಿಯಲ್ಲಿ ಬಣ್ಣ ಒಣಗಿದ್ದರೆ ಕೂಡಿಸಿ ಮಾತಾಡುತ್ತಿದ್ದ. ಕೈ ಸ್ವಚ್ಛವಿದ್ದರೆ, "ಮುಂದಿನ ಅಂಗಡಿ ನೋಡ್ರಿ, ಅಲ್ಲಿ ಕಸಬರಿಗಿ ಮಾರತಾರ" ಎಂದು ಬೆನ್ನು ತಿರುಗಿಸುತ್ತಿದ್ದ.

ಇಂಡಿ ತಾಲೂಕಿನಲ್ಲಿ ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟು ಬಂದವನು. ಪುಣೆಯಲ್ಲಿ ಬೋರ್ಡ್ ಬರೆಯುವ ಪೇಂಟರ ಕೈಕೆಳಗೆ ಡಬ್ಬಿ ತೊಳೆದು, ಕೂದಲು ಬಾಚಿ, ದಾರ ಸುತ್ತಿ, ಕುಂಚ ಕಟ್ಟುವುದನ್ನು ತಾನೇ ನೋಡಿ ಕಲಿತ. ಕಲಿಸಿದವರು ಯಾರೂ ಇಲ್ಲವೆಂಬುದೇ ಅವನ ದೊಡ್ಡ ಸೊಕ್ಕು. ಕಟ್ಟಿದ ಕುಂಚದ ತುದಿಯನ್ನು ನಾಲಗೆಯ ಮೇಲೆ ಎಳೆದು, ತುಟಿಗಳ ನಡುವೆ ಒಂದು ಸುತ್ತು ತಿರುಗಿಸಿ, ಹೆಬ್ಬೆರಳ ಉಗುರಿಗೆ ಒತ್ತಿ ಬಿಡುತ್ತಿದ್ದ. ಆಡಿನ ಕೂದಲು ಒತ್ತಿದಲ್ಲೇ ಮಲಗುತ್ತದೆ, ಮನೆಅಳಿಯನ ಹಾಗೆ. ಕುದುರೆಯದು ಸೆಟೆದು ನಿಲ್ಲುತ್ತದೆ, ತುದಿ ಕೂಡುವುದಿಲ್ಲ. ಅಳಿಲಿನದು ನೀರು ಕುಡಿಯುತ್ತದೆ, ಬೆನ್ನೆಲುಬಿಲ್ಲ. ಮುಂಗುಸಿಯದೊಂದೇ ಬಾಗಿ, ತಾನಾಗಿ ಎದ್ದು, ಸೂಜಿಯ ಮೊನೆಯಾಗಿ ನಿಲ್ಲುವುದು. ಗಣಪತಿಯ ಕಣ್ಣು ಬರೆಯುವವರು ಮುಂಗುಸಿ ಕೂದಲಲ್ಲದೆ ಬೇರೆಯದನ್ನು ಮುಟ್ಟುತ್ತಿರಲಿಲ್ಲ.

ಒಮ್ಮೆ ಓಣಿಯ ವ್ಯಾಪಾರಿಯೊಬ್ಬ ಪಂಥ ಕಟ್ಟಿ, ಲಾಲಪ್ಪನ ಕಣ್ಣಿಗೆ ಪಂಚೆ ಬಿಗಿದು, ಇಪ್ಪತ್ತು ಕುಂಚ ಬಾಯಿಗೆ ಕೊಟ್ಟ. ಇಪ್ಪತ್ತನ್ನೂ ಲಾಲಪ್ಪ ಸರಿಯಾಗಿ ಹೇಳಿ, ಕೊನೆಯದನ್ನು ಉಗುಳಿ, "ಇದರಾಗ ಎರಡ ಎಳಿ ನಾಯಿದು ಸೇರ್ಯಾವ, ಯಾರ ಮನಿ ನಾಯಿಪಾ?" ಎಂದ. ಅಂದಿನಿಂದ ಓಣಿಯಲ್ಲಿ ಜಗಳ ಬಿದ್ದರೆ, "ಲಾಲಪ್ಪನ ನಾಲಿಗೆಗೆ ಕೊಡಿ" ಎಂಬುದೇ ತೀರ್ಪಾಯಿತು. ಹೊಗಳಿಕೆಯ ತುಪ್ಪ ಉಂಡವನಿಗೆ ಬಾಯಿ ಮುಚ್ಚಲು ಬರುವುದಿಲ್ಲ. ಆ ಮಾತು ಇಲ್ಲಿ ನೆನಪಿರಲಿ.

ಸ್ನೇಹಲ್ ಎಂಬ ಹುಡುಗಿ ಅವನ ಅಂಗಡಿಯ ಮೆಟ್ಟಿಲು ಹತ್ತಿದ್ದು ತೊಂಬತ್ತಾರರ ಶ್ರಾವಣದಲ್ಲಿ. ವಿಜಾಪುರದ ಕಡೆಯ ಇಂದೂ ಮಾಸ್ತರಬಾಯಿಯ ಮಗಳು. ಪುಣೆಯಲ್ಲೇ ಹುಟ್ಟಿ ಬೆಳೆದಿದ್ದರೂ ಕನ್ನಡ ಮನೆಯದು. ಕೈ ಸ್ವಚ್ಛವಿತ್ತು. ಆದರೂ ಕನ್ನಡ ಕೇಳಿ ಲಾಲಪ್ಪ ಅವಳನ್ನು ನಿಲ್ಲಗೊಟ್ಟ.

"ಕಾಕಾ, ನನಗ ಒಂದೊಂದ ಜಾತಿ ಕೂದಲು ಬೇಕಾಗ್ಯಾವ್ರಿ. ಅಭ್ಯಾಸಕ್ಕ."

"ಏನ್ ಓದ್ತಿ?"

"ಪ್ರಾಣಿಶಾಸ್ತ್ರ. ಎಂ.ಎಸ್ಸಿ."

ಲಾಲಪ್ಪ ಎರಡು ಎಳೆಗಳನ್ನು ಅವಳ ಅಂಗೈಯಲ್ಲಿಟ್ಟ. "ಇವು ಯಾರವು, ಹೇಳು ನೋಡೂಣು."

"ಎರಡೂ... ಕುದುರಿವು?"

"ಒಂದು ಆಡಿಂದು. ಇನ್ನೊಂದು ನನ್ನ ಹೆಂಡತಿದು. ಇಷ್ಟ ವರ್ಷ ಸಾಲಿ ಕಲತು ಕಾಶವ್ವಗ ಕುದುರಿ ಅಂದಿಯಲ್ಲಬೇ!"

ಒಳಗಿನಿಂದ ಕಾಶವ್ವ ಕೂಗಿದಳು: "ಖರೇನ ಅಂದಾಳ ಬಿಡ್ರಿ. ಈ ಮನಿ ಗಾಡಿ ಎಳಿಯಾಕಿ ಮತ್ಯಾರು?"

ಚಿರತೆಯ ಹಿಕ್ಕೆಯಲ್ಲಿ ಉಳಿಯುವ ಕೂದಲನ್ನು ಗುರುತಿಸಿ, ಅದು ಏನೇನು ತಿಂದಿದೆ ಎಂದು ಹೇಳುವುದು ಅವಳ ಅಭ್ಯಾಸ. ಅದಕ್ಕೆ ಮೊದಲು ಎಲ್ಲ ಪ್ರಾಣಿಗಳ ಕೂದಲಿನ ಗುರುತು ಕೈಯಲ್ಲಿರಬೇಕು. ಎರಡು ವರ್ಷ ವಾರಕ್ಕೊಮ್ಮೆ ಬಂದಳು. ಲಾಲಪ್ಪ ಬೈದು ಬೈದು ಕಲಿಸಿದ. ಅವಳು ಗಾಜಿನ ತುಂಡಿಗೆ ಉಗುರಿನ ಬಣ್ಣ ಬಳಿದು, ಎಳೆಯನ್ನು ಒತ್ತಿ ತೆಗೆದು, ಉಳಿದ ಅಚ್ಚನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಳು. ಕಾಶವ್ವ ರೊಟ್ಟಿ ಬಡಿಯುತ್ತ, "ನನ್ನ ಉಗುರಿಗೆ ಒಂದ ಹನಿ ಇಲ್ಲ, ಕತ್ತೆ ಕೂದಲಕ್ಕ ಬಣ್ಣದ ಶೃಂಗಾರ" ಎಂದು ನಗುತ್ತಿದ್ದಳು. ಒಂದು ದಿನ ಸ್ನೇಹಲ್ ಅವನನ್ನು ತನ್ನ ಸಂಸ್ಥೆಗೆ ಕರೆದೊಯ್ದು, ಮುಂಗುಸಿಯ ಎಳೆ ತೋರಿಸಿದಳು. ಕಪ್ಪು, ಬಿಳಿ ಪಟ್ಟಿಗಳು. ಅವುಗಳ ಮೇಲೆ ಹೆಂಚು ಹೊದಿಸಿದಂತೆ ಹುರುಪೆಗಳು. ಲಾಲಪ್ಪನ ಎದೆ ಝಲ್ಲೆಂದಿತು. ಅದನ್ನು ತೋರಗೊಡದೆ, "ಇದು ನನ್ನ ನಾಲಗಿಗೆ ಮೊದಲ ಗೊತ್ತಿತ್ತು. ನಿನ್ನ ದುರ್ಬೀನಿಗೆ ಈಗ ತಿಳದದ" ಎಂದ.

ಅವಳ ಗುರುತಿನ ಪುಸ್ತಕ ಅಚ್ಚಾಯಿತು. ಮೊದಲ ಪುಟದ ಕೃತಜ್ಞತೆಯಲ್ಲಿ ಅವನ ಹೆಸರೂ ಇತ್ತು. ಆ ಪುಟಕ್ಕೆ ಕಾಜಿನ ಚೌಕಟ್ಟು ಹಾಕಿಸಿ ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಗೆ ತೂಗುಹಾಕಿದ.

ಇಷ್ಟಕ್ಕೇ ನಿಂತಿದ್ದರೆ ಇದು ಹೇಳುವ ಕತೆಯಾಗುತ್ತಿರಲಿಲ್ಲ. ಎರಡು ಸಾವಿರದ ಒಂದರಲ್ಲಿ ಸ್ನೇಹಲ್ ಮತ್ತೆ ಬಂದಳು. ಈ ಸಲ ಕೈಯಲ್ಲಿ ಸರಕಾರಿ ಮುದ್ರೆಯ ಕಾಗದ. ಕುಂಚದ ಕೂದಲಿಗಾಗಿ ದೇಶದಲ್ಲಿ ಎಷ್ಟು ಮುಂಗುಸಿ ಸಾಯುತ್ತಿವೆ ಎಂಬ ವಿಚಾರಣೆ ನಡೆದಿತ್ತು. ಕೂದಲು ಬಲ್ಲವರು ಯಾರೆಂದು ಹುಡುಕಿದಾಗ ಇವಳ ಪುಸ್ತಕ ಸಿಕ್ಕಿತ್ತು. ಅವಳು ಮುಚ್ಚಿಡಲಿಲ್ಲ. ಇದು ದಿಲ್ಲಿಗೆ ಹೋಗುವ ಲೆಕ್ಕ ಎಂದು ಹೇಳಿಯೇ ಕೇಳಿದಳು.

"ಕಾಕಾ, ನಿಮ್ಮ ಅಂಗಡಿಗೆ ವರ್ಷಕ್ಕ ಮುಂಗುಸಿ ಕೂದಲು ಎಷ್ಟ ಬರ್ತದ್ರಿ?"

ಬರುತ್ತಿದ್ದದ್ದು ನಾಲ್ಕು ಕಿಲೊ. ಆದರೆ ಕಟ್ಟೆಯ ಮೇಲೆ ಇಬ್ಬರು ಪೇಂಟರು ಕೂತಿದ್ದರು, ಎದುರಿನ ಅಂಗಡಿಯವನು ಕಿವಿ ಚಾಚಿದ್ದ. ಲಾಲಪ್ಪ ಎದೆ ಉಬ್ಬಿಸಿ, "ಹನ್ನೆರಡ ಕಿಲೊ! ಬರಕೋ. ಈ ಓಣ್ಯಾಗ ನನ್ನಷ್ಟು ಮುಂಗುಸಿ ಯಾವ ಮಗ ಕಟ್ತಾನ?" ಎಂದ. ಅದನ್ನು ಕೇಳಿ ಎದುರಿನವನು ಸುಮ್ಮನಿದ್ದಾನೆಯೇ? "ನನ್ನ ಕಡೆ ಹದಿನೈದು" ಎಂದ. ಹೀಗೆ ಓಣಿಯ ಮೀಸೆಗಳೆಲ್ಲ ತಿರುವಿಕೊಂಡು ದಿಲ್ಲಿಗೆ ಹೋದವು.

ಅದೊಂದೇ ಲೆಕ್ಕದಿಂದ ವನ್ಯಜೀವಿ ಕಾಯ್ದೆ ಬದಲಾಯಿತೆಂದಲ್ಲ. ಇಂಥ ಲೆಕ್ಕಗಳು ಊರೂರಿನಿಂದ ಹೋಗಿದ್ದವು. ಮರುವರ್ಷ ಕಾಯ್ದೆ ತಿದ್ದಿದಾಗ, ಕೆಳಗಿನ ಪಟ್ಟಿಯಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ ಮುಂಗುಸಿ ಮೇಲಿನ ಪಟ್ಟಿಗೆ ಹತ್ತಿತು. ಅದರ ಕೂದಲು ಮಾರಿದರೆ ಕನಿಷ್ಠ ಮೂರು ವರ್ಷ ಸೆರೆಮನೆ. ಅದನ್ನು ತಿಳಿಸಲು ಸ್ನೇಹಲ್ ತಾನಾಗಿ ಓಡಿಬಂದಳು.

"ಕಾಕಾ, ಇದ್ದಷ್ಟು ಮಾಲನ್ನ ಅರಣ್ಯ ಇಲಾಖೆಗೆ ಬರದ ಕೊಟ್ಟಬಿಡ್ರಿ. ಅದಕ್ಕ ಮುದತ್ತು ಅದ. ಆಮ್ಯಾಲ ಮುಂಗುಸಿ ಬ್ಯಾಡ."

"ನಮ್ಮ ಹೊಲದ ಬದುವಿನಾಗ ನಾಯಿಗಿಂತ ಮುಂಗುಸಿ ಹೆಚ್ಚವ. ದೇಶದಾಗ ಎಷ್ಟವ, ಎಣಿಸೀರೇನು?"

"ಇಲ್ರಿ. ಯಾರೂ ಎಣಿಸಿಲ್ಲ."

"ಎಣಿಸದನ ಕಾಯ್ದೆ ಮಾಡೀರಿ? ನಾಲ್ಕನೇ ಇಯತ್ತೆಯವ ನಾನು ಹಿಂಗ ಮಾಡಿದ್ರ ಮಾಸ್ತರ ಕಿವಿ ಹಿಂಡತಿದ್ದ."

"ಇದ್ದವನ್ನ ಎಣಿಸಿಲ್ಲ ಕಾಕಾ, ಸತ್ತವನ್ನ ಎಣಿಸೇವಿ. ಒಂದ ಕಿಲೊಕ್ಕ ಐವತ್ತು ಸಾಯ್ತಾವ. ನಿಮ್ಮ ಒಂದ ಅಂಗಡಿಯಿಂದ ವರ್ಷಕ್ಕ ಆರುನೂರು. ಆ ಹನ್ನೆರಡು ನೀವ ಬರಸಿದ್ರಿ."

ಲಾಲಪ್ಪ ಒಳಗೊಳಗೇ ತೂಗಿ ನೋಡಿದ. ನಾಲ್ಕೇ ಎಂದು ಈಗ ಹೇಳಿದರೆ ಅಂದು ಸುಳ್ಳುಗಾರ. ಸುಮ್ಮನಿದ್ದರೆ ಇಂದು ಕೊಲೆಗಾರ. ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ ಎಂಬ ಗಾದೆ ಅವನ ಕಣ್ಣ ಮುಂದೆ ಕುಣಿಯಿತು.

"ನಾನು ಇಷ್ಟ ವರ್ಷದಾಗ ಒಂದ ಮುಂಗುಸಿ ಮೈ ಮುಟ್ಟಿದವಲ್ಲ!" ಎಂದು ಗುಡುಗಿದ.

"ಮುಟ್ಟಿಲ್ರಿ. ನೆಕ್ಕೀರಿ."

ಮಾತು ಬಾಯಿಂದ ಬಿದ್ದಮೇಲೆ ಅವಳಿಗೂ ಹೆದರಿಕೆಯಾಯಿತು. ಲಾಲಪ್ಪ ಗೋಡೆಯ ಮೇಲಿನ ಕಾಜಿನ ಪುಟವನ್ನು ಕಿತ್ತು ಅವಳ ಕೈಗಿಟ್ಟ. "ಗುರುವಿಗೆ ತಿರುಮಂತ್ರ ಹಾಕಿದಾಕಿ ನೀನು. ಇನ್ನ ಈ ಮೆಟ್ಟಲಾ ಹತ್ತಬ್ಯಾಡ. ಕಾಕಾ ಅನಬ್ಯಾಡ."

ಮಾಲು ಬರೆದುಕೊಡಲಿಲ್ಲ. ಕೊಟ್ಟರೆ ಅವಳು ಗೆದ್ದಂತೆ ಎಂಬ ಹಟ. ಮುಂಗುಸಿ ಕುಂಚಗಳ ಹಿಡಿಕೆಗೆ 'ಕುದುರೆ' ಎಂಬ ಚೀಟಿ ಅಂಟಿಸಿ, ಬಲ್ಲ ಗಿರಾಕಿಗೆ ಕಣ್ಣು ಮಿಟುಕಿಸಿ ಮಾರಿದ. ಕದ್ದು ಮಾರುವುದು ಅವನಿಗೆ ಹೊಸತು. ಚೀಟಿ ಅಂಟಿಸುವಾಗ ಕೈ ಹೇಸುತ್ತಿತ್ತು. ಮುಂಗುಸಿಗಾಗಿ ಅಲ್ಲ. ಒಳ್ಳೆಯ ಮಾಲಿಗೆ ಕೆಟ್ಟ ಹೆಸರು ಬರೆಯಬೇಕಾಯಿತಲ್ಲ ಎಂದು.

ಎರಡು ಸಾವಿರದ ಐದರ ಗಣೇಶ ಚೌತಿಗೆ ಹದಿನೈದು ದಿನ ಇರುವಾಗ ಅರಣ್ಯ ಇಲಾಖೆಯ ಮಧುಕರ ಸಾಹೇಬ ಜೀಪಿನಲ್ಲಿ ಬಂದಿಳಿದ. ಮೂರು ದಿನ ಮೊದಲು ಅವನೇ ಕೈಗೆ ಬಣ್ಣ ಹಚ್ಚಿಕೊಂಡು ಬಂದು, ಗಣಪತಿ ಮಾಡುವವನೆಂದು ಹೇಳಿ ಎರಡು ಕುಂಚ ಒಯ್ದಿದ್ದ. ಕೈ ನೋಡಿ ಮಾಲು ಕೊಡುವ ಲಾಲಪ್ಪನ ಪದ್ಧತಿ ಓಣಿಗೆಲ್ಲ ಗೊತ್ತು. ಅದನ್ನು ಯಾರೋ ಇಲಾಖೆಗೂ ಮುಟ್ಟಿಸಿದ್ದರು.

"ಕಾಯ್ ಶೇಟ್, ಕುದುರೆ ಭಾರಿ ಓಡ್ತಿದೆಯಲ್ಲ ನಿಮ್ಮದು?" ಎಂದು ಮಧುಕರ ಮರಾಠಿಯಲ್ಲಿ ನಕ್ಕ. ಇನ್ನೂರ ಹದಿಮೂರು ಕುಂಚ ಎತ್ತಿಸಿ, ಒಳ್ಳೆಯವು, ಕೆಟ್ಟವು, ಕಂಪನಿಯವರು ಕೊಟ್ಟುಹೋದ ನೈಲಾನಿನವು ಎಲ್ಲವನ್ನೂ ಒಂದೇ ಗೋಣಿಯಲ್ಲಿ ಸುರಿಸಿದ. ಲಾಲಪ್ಪ ತಾನು ಕೈದಾದದ್ದಕ್ಕಿಂತ ಅದನ್ನು ನೋಡಿ ಹೆಚ್ಚು ಕೂಗಾಡಿದ. "ಅಳಿಲಿಂದು ಮುರೀತದ, ಮ್ಯಾಲ ಇಡ್ರೋ!" ಪಂಚನಾಮೆಯಾಯಿತು, ಅರಗಿನ ಮುದ್ರೆ ಬಿತ್ತು. ಮಾದರಿಗಳು ಪರೀಕ್ಷೆಗೆ ಹೋದವು. ಯಾವುದು ಯಾವ ಕೂದಲು ಎಂದು ಬರೆದು, ಮುಂಗುಸಿಯದೂ ಇದೆ ಎಂಬ ವರದಿ ಬಂತು. ಕೆಳಗೆ ಸ್ನೇಹಲಳ ಸಹಿ.

ಜಾಮೀನಿನ ಮೇಲೆ ಹೊರಬಂದು ಮೂರು ವರ್ಷ ಕೋರ್ಟಿಗೆ ಅಲೆದ. ಅಷ್ಟರಲ್ಲಿ ಊರಿನ ಬೋರ್ಡುಗಳೆಲ್ಲ ಫ್ಲೆಕ್ಸ್ ಆದವು. ಕಟ್ಟೆಯ ಪೇಂಟರು ಒಬ್ಬೊಬ್ಬರಾಗಿ ಕೊಂಢವಾ ಬಡಾವಣೆಯ ಹೊಸ ಕಟ್ಟಡಗಳಿಗೆ ಸುಣ್ಣ ಬಳಿಯಲು ಹೋದರು. ಅಂಗಡಿ ಮುಚ್ಚಿದ ಲಾಲಪ್ಪನಿಗೆ ಉಳಿದದ್ದು ಹೆಸರೊಂದೇ.

ವಕೀಲೆ ರಂಜನಾ ಚುರುಕು ಹೆಂಗಸು. ಅವಳ ದಾರಿ ಸರಳವಿತ್ತು. "ಶೇಟ್, ಕಾಯ್ದೆ ಏನೇ ಇರಲಿ, ನಿಮಗೆ ಕೂದಲು ಗೊತ್ತಿಲ್ಲ. ಪಾರ್ಸಲ್ಲಿನವನು ಕುದುರೆ ಎಂದ, ನೀವು ನಂಬಿದಿರಿ. ನೀವು ಅನಕ್ಷರಸ್ಥ ಮುದುಕ. ಇಷ್ಟೇ. ಇದನ್ನು ಬಿಟ್ಟು ಬೇರೆ ಮಾತಿಲ್ಲ."

"ಗೊತ್ತಿಲ್ಲ ಅಂತ ನಾನು ಹೇಳಬೇಕೇನು?"

"ಹೇಳಿದರೆ ಮನೆ, ಇಲ್ಲದಿದ್ದರೆ ಮೂರು ವರ್ಷ ಜೈಲು. ನಿಮ್ಮ ವಯಸ್ಸೆಷ್ಟು?"

ಅರವತ್ತೆರಡು. ಕಾಶವ್ವನಿಗೆ ಸಕ್ಕರೆ ಕಾಯಿಲೆ ಬೇರೆ. ಅವಳು ಅವನ ಎರಡೂ ಕೈ ಹಿಡಿದು, "ಒಂದ ಮಾತು ನುಂಗಿಬಿಡ್ರಿ. ಜೀವನದಾಗ ನನ್ನ ಸಲುವಾಗಿ ಒಂದರೆ ನುಂಗ್ರಿ" ಎಂದಳು. ಲಾಲಪ್ಪ ಹೂಂ ಎಂದ. 

ಸಾಕ್ಷಿಯ ದಿನ ಬಂತು. ಸ್ನೇಹಲ್ ಸಾಕ್ಷಿಯ ಕಟ್ಟೆ ಹತ್ತಿ ಪ್ರಮಾಣ ಮಾಡಿದಳು. ತಲೆಯಲ್ಲಿ ಅಲ್ಲಲ್ಲಿ ಬಿಳಿ ಕೂದಲು ಕಾಣುತ್ತಿದ್ದವು. ಲಾಲಪ್ಪ ಎದುರಿನ ಕಟಕಟೆಯಲ್ಲಿ ನಿಂತು ಅವಳನ್ನು ದುರುಗುಟ್ಟಿ ನೋಡಿದ. ರಂಜನಾ ಮುದ್ರೆಯ ಗೋಣಿ ಬಿಚ್ಚಿಸಿ, ಆರು ಕುಂಚ ಆರಿಸಿ, ಚೀಟಿಗಳ ಮೇಲೆ ಕಾಗದ ಸುತ್ತಿ ಮೇಜಿನ ಮೇಲೆ ಸಾಲಾಗಿಟ್ಟಳು.

"ಮ್ಯಾಡಮ್, ಇವುಗಳಲ್ಲಿ ಮುಂಗುಸಿ ಯಾವುದು?"

"ಕಣ್ಣಿನಿಂದ ಹೇಳುವಂಥದ್ದಲ್ಲ. ಸೂಕ್ಷ್ಮದರ್ಶಕ ಬೇಕು."

"ಹನ್ನೆರಡು ವರ್ಷ ಕೂದಲನ್ನೇ ಓದಿದವರು ನೀವು. ನಿಮಗೇ ಕಾಣದ್ದು ಈ ಅನಕ್ಷರಸ್ಥ ಅಂಗಡಿಯವನಿಗೆ ಕಾಣಬೇಕಿತ್ತು ಅನ್ನುತ್ತೀರಾ?"

ನ್ಯಾಯಾಧೀಶರು ಕನ್ನಡಕ ಸರಿಸಿ, "ಪ್ರಯತ್ನ ಮಾಡಿ ನೋಡಿ" ಎಂದರು. ಹಾಗೆ ಗುರುತಿಸುವುದು ಶಾಸ್ತ್ರವಲ್ಲ ಎಂದು ಹೇಳಿ ಅವಳು ಕೈಕಟ್ಟಿ ನಿಲ್ಲಬಹುದಿತ್ತು. ಆದರೆ ಅವಳಿಗೂ ಲಾಲಪ್ಪನ ಅಂಗಡಿಯ ಗಾಳಿ ಬಡಿದಿತ್ತಲ್ಲ! ಸೋಲು ಒಪ್ಪದೆ ಬಗ್ಗಿ ನೋಡಿ, ಕಪ್ಪು-ಬಿಳಿ ಪಟ್ಟಿಯಿದ್ದ ಬಲತುದಿಯ ಕುಂಚ ಎತ್ತಿದಳು. ರಂಜನಾ ಕಾಗದ ಬಿಚ್ಚಿ, ಹಿಡಿಕೆಯ ಮೇಲಿನ ಕಂಪನಿಯ ಅಚ್ಚನ್ನು ಎತ್ತಿ ತೋರಿಸಿದಳು. ಅದು ಮುಂಗುಸಿಯಂತೆ ಬಣ್ಣ ಹಾಕಿದ ನೈಲಾನ್.

ಕೋರ್ಟಿನಲ್ಲಿ ನಗೆ ಎದ್ದಿತು. ಮಧುಕರ ಸಾಹೇಬ ಹಣೆ ಒತ್ತಿಕೊಂಡ. "ಇದು ಸರಕಾರದ ತಜ್ಞರ ಗತಿ," ಎಂದಳು ರಂಜನಾ. "ಇನ್ನು ಏನೂ ತಿಳಿಯದ, ಓದು ಬರಹವಿಲ್ಲದ ಈ ಬಡಪಾಯಿಗೆ..."

ಕೇಸು ಗೆದ್ದಂತೆಯೇ ಇತ್ತು. ಲಾಲಪ್ಪ ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸಾಕಿತ್ತು. ಆದರೆ ಅವನ ಕಿವಿಯಲ್ಲಿ ಹೊಯ್ದದ್ದು ಗೆಲುವಲ್ಲ, ಕಾದ ಎಣ್ಣೆ. ಏನೂ ತಿಳಿಯದ. ಬಡಪಾಯಿ. ಅದರ ಮೇಲೆ, ತಾನು ಎರಡು ವರ್ಷ ಬೈದು ಕಲಿಸಿದವಳು ನೈಲಾನನ್ನು ಮುಂಗುಸಿ ಎಂದು ಎತ್ತಿದ್ದಾಳೆ! ಇದಕ್ಕಿಂತ ಅವಳು ಅವನಿಗೆ ನೇಣು ಹಾಕಿದ್ದರೆ ಸಹಿಸುತ್ತಿದ್ದ.

"ಹುಚ್ಚಿ!" ಎಂದು ಕನ್ನಡದಲ್ಲಿ ಚೀರಿದ. "ಅದು ಸುಳ್ಳ ಕೂದಲ ಅದ! ನಿಜವಾದ್ದು ಎಡಗಡಿದು ಎರಡನೇದು! ಇಷ್ಟನ ಏನು ನಾ ನಿನಗ ಕಲಿಸಿದ್ದು?"

 ಅಲ್ಲಿ ಕನ್ನಡ ಬಲ್ಲವರು ಮೂವರೇ. ಹಿಂದಿನ ಬಾಕಿನಲ್ಲಿ ಕಾಶವ್ವ ಸೆರಗು ಬಾಯಿಗೆ ತುರುಕಿಕೊಂಡಳು. ನ್ಯಾಯಾಧೀಶರು ಸ್ನೇಹಲಳ ಕಡೆ ತಿರುಗಿ, "ಆರೋಪಿ ಏನಂದ? ನಿಮಗೆ ಅವರ ಭಾಷೆ ಬರುತ್ತದಲ್ಲ?" ಎಂದರು.

ಸ್ನೇಹಲ್ ಲಾಲಪ್ಪನನ್ನು ನೋಡಿದಳು, ಕಾಶವ್ವನನ್ನು ನೋಡಿದಳು. ಪ್ರಮಾಣ ಮಾಡಿದ ಬಾಯಿ. ಆದರೂ ಮರಾಠಿಯಲ್ಲಿ ಹೇಳಿದಳು: "ಗಂಟಲು ಒಣಗಿದೆಯಂತೆ. ನೀರು ಬೇಕಂತೆ."

ಪೇದೆ ನೀರಿನ ಲೋಟ ತಂದು ಲಾಲಪ್ಪನ ಕೈಗಿಟ್ಟ.

ಲಾಲಪ್ಪ ಆ ಲೋಟವನ್ನು ನೋಡುತ್ತ ನಿಂತ. ಅವಳು ಅವನನ್ನು ಬಿಡಿಸಿದ್ದಳು. ಅವನ ಅಂಗಡಿ ಮುಚ್ಚಿಸಿದವಳು, ಅವನ ಹನ್ನೆರಡು ಕಿಲೊವನ್ನು ಅವನ ಕೊರಳಿಗೇ ಕಟ್ಟಿದವಳು, ಈಗ ಭಿಕ್ಷೆ ಹಾಕಿದ್ದಳು, ಅದೂ ಊರ ಮುಂದೆ, ಅದೂ ನೀರಿನದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇಲ್ಲಿ ಒಂದು ಲೋಟ ನೀರಿಗೆ ಹೋಗುವುದಿತ್ತು.

"ನಿನ್ನ ಭಿಕ್ಷಾ ನನಗ ಬ್ಯಾಡ" ಎಂದು ಕಟಕಟೆಯಿಂದ ಇಳಿದೇಬಿಟ್ಟ. ಪೇದೆ ತೋಳು ಹಿಡಿಯುವಷ್ಟರಲ್ಲಿ ಮೇಜಿನ ಹತ್ತಿರವಿದ್ದ. ಮೊದಲ ಕುಂಚವನ್ನು ಅದೇ ಲೋಟದಲ್ಲಿ ಅದ್ದಿ, ನಾಲಗೆಯ ಮೇಲೆ ಎಳೆದು, ತುಟಿಯಲ್ಲಿ ತಿರುಗಿಸಿ, ಉಗುರಿಗೆ ಒತ್ತಿದ. ಈ ಸಲ ಯಾರೂ ಅನುವಾದ ಮಾಡಬೇಕಾಗದಂತೆ ಮರಾಠಿಯಲ್ಲೇ ಹೇಳಿದ. "ಆಡು." ಎರಡನೆಯದು. "ಮುಂಗುಸಿ. ಬೆನ್ನಿನದು, ಚಳಿಗಾಲದ ಕೂದಲು." ಮೂರನೆಯದು. "ಕುದುರೆ."

"ಶೇಟ್, ಕುಳಿತುಕೊಳ್ಳಿ! ಸಾಹೇಬರೇ, ನನ್ನ ಕಕ್ಷಿದಾರರಿಗೆ ಆರೋಗ್ಯ ಸರಿಯಿಲ್ಲ" ಎಂದು ರಂಜನಾ ಅಡ್ಡಬಂದಳು. ಲಾಲಪ್ಪ ಅವಳನ್ನು ನೊಣದಂತೆ ಸರಿಸಿದ. "ಅಳಿಲು. ಮುಂಗುಸಿ, ಬಾಲದ್ದು, ಅಗ್ಗದ ಮಾಲು. ಈ ಆರನೆಯದನ್ನು ಬಾಯಿಗಿಡುವುದಿಲ್ಲ, ನೈಲಾನನ್ನು ನಾಯಿಯೂ ಮೂಸುವುದಿಲ್ಲ."

ನ್ಯಾಯಾಧೀಶರು ಒಂದೊಂದೇ ಕಾಗದ ಬಿಚ್ಚಿಸಿ, ಪರೀಕ್ಷೆಯ ವರದಿಯೊಂದಿಗೆ ತಾಳೆ ನೋಡಿದರು. ಆರೂ ಸರಿಯಿದ್ದವು. ಬಾಲ, ಬೆನ್ನು ಎಂಬುದು ವರದಿಯಲ್ಲೂ ಇರಲಿಲ್ಲ.

"ಇದು ನಿಮಗೆ ಯಾವಾಗಿನಿಂದ ಗೊತ್ತು?"

"ನಲವತ್ತು ವರ್ಷದಿಂದ, ಸಾಹೇಬರೇ. ಈಕೆಗೆ ಕಲಿಸಿದವನೂ ನಾನೇ. ಬರೆಸಿಕೊಳ್ಳಿ."

ಟೈಪು ಮಾಡುವವನು ಬರೆದುಕೊಂಡ. ಮುಂದೆ ಆರೋಪಿಯ ಹೇಳಿಕೆ ಕೇಳುವ ದಿನವೂ ಲಾಲಪ್ಪ ಅದನ್ನೇ ಹೇಳಿದ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಮೂರು ವರ್ಷ ಶಿಕ್ಷೆಯಾಯಿತು. ಮೇಲಿನ ಕೋರ್ಟಿಗೆ ಹೋಗಲು ಮತ್ತೆ 'ಗೊತ್ತಿಲ್ಲ' ಎನ್ನಬೇಕೆಂದು ರಂಜನಾ ಹೇಳಿದಾಗ, "ಹಂಗಾದ್ರ ನೀ ಹೋಗವಾ ಒಬ್ಬಾಕಿನ" ಎಂದ.

ತೀರ್ಪಿನ ದಿನ ಹೊರಗೆ ಕಾಶವ್ವ ಅವನ ಎದುರಿಗೆ ಬಂದು ನಿಂತಳು. "ನುಂಗತೀನಿ ಅಂದಿದ್ರಿ" ಎಂದಳು. ಅಷ್ಟೇ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವಳ ಹಿಂದೆ ಸ್ನೇಹಲ್ ನಿಂತಿದ್ದಳು. ಕಾಶವ್ವನ ತೋಳು ಹಿಡಿಯಲು ಬಂದಳು. ಕಾಶವ್ವ ಕೈ ಕೊಡವಿಕೊಂಡಳು.

ಕೋರ್ಟಿನ ಕಂಪೌಂಡಿಗೆ ಒಂದು ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ವನ್ಯಜೀವಿಗಳನ್ನು ಉಳಿಸಿ ಎಂದು ಮರಾಠಿಯ ಅಕ್ಷರ, ಕೆಳಗೆ ಮುಂಗುಸಿಯ ಚಿತ್ರ. ವ್ಯಾನಿನ ಕಡೆ ನಡೆಯುತ್ತಿದ್ದ ಲಾಲಪ್ಪ ಅದರ ಮುಂದೆ ಗಕ್ಕನೆ ನಿಂತ.

"ಏ ಸಾಕ್ಷಿ!" ಎಂದು ತಿರುಗದೆಯೇ ಕೂಗಿದ. "ಇದನ್ನ ನೋಡೀಯೇನು? ಮೈಮ್ಯಾಲಿನ ಕೂದಲಕ್ಕ ಒಂದ ಪಟ್ಟಿ ಇಲ್ಲ. ಇಲಿಗೆ ಬಾಲ ಉದ್ದ ಮಾಡಿ ಹಚ್ಚ್ಯಾರ. ನಿಮ್ಮ ಇಲಾಖೆದವರಿಗೆ ಹೇಳಿ ತಿದ್ದಸು."

"ಹೇಳ್ತೀನ್ರಿ," ಎಂದಳು ಸ್ನೇಹಲ್. ಕಾಕಾ ಎನ್ನಲಿಲ್ಲ.

ಪೇದೆ ಬೆನ್ನಿಗೆ ಕೈಹಚ್ಚಿದ. ಲಾಲಪ್ಪ ಫ್ಲೆಕ್ಸಿನ ಬುಡಕ್ಕೆ ಉಗುಳಿ, ವ್ಯಾನು ಹತ್ತಿದ.